ನೀವು ಡಿಜೆಯಾ? ಮತ್ತೆ ಪದೇ ಪದೇ ಕೇಳುವ ಬೇರೆ ಪ್ರಶ್ನೆಗಳು

ನಾನು ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡುವವ. ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ಮುಂಬೈಯ ಫೋರ್ಟಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರ್ತೇನೆ, ಸಂಜೆ ಡೊಂಬಿವಲಿಯ ಮನೆಯಲ್ಲಿ ಲ್ಯಾಪ್‌ಟಾಪ್ ಎದುರು, ಇವೆರಡರ ನಡುವೆ ಲೋಕಲ್ ಟ್ರೈನು. ಸಂಘದ ಕಾರ್ಯಕ್ರಮದಲ್ಲಿ, ಊರಿನ ಮದುವೆಯಲ್ಲಿ, ಹೋಟೆಲಲ್ಲಿ ಬಿಲ್ ಕೊಡುವಾಗ ಸಹ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇವೇ, ಹಾಗಾಗಿ ಒಮ್ಮೆ ಕೂತು ಬರೆದು ಬಿಡುವಾ ಅಂತ.

ಹ್ವಾಯ್, ನೀವ್ ಎಂತ ಮಾಡೂದ್ ಮಾರ್ರೆ? ಡಿಜೆಯಾ?

ಅಲ್ಲ. ಡಿಜೆ ಅಂದ್ರೆ ರೆಡಿ ಇರುವ ಹಾಡುಗಳನ್ನ ಜನರ ಮೂಡ್ ನೋಡಿ ಒಂದಕ್ಕೊಂದು ಜೋಡಿಸಿ ನುಡಿಸುವವರು, ಅದು ಬೇರೆಯೇ ವಿದ್ಯೆ, ಸುಲಭ ಅಲ್ಲ. ನಾನು ಆ ಹಾಡನ್ನೇ ಮಾಡುವವ, ಪ್ರೊಡ್ಯೂಸರ್. ಸಿನಿಮಾ ಪ್ರೊಡ್ಯೂಸರ್ ಅಂತ ತಿಳ್ಕೊಂಡು ನಮ್ಮ ಸಂಬಂಧಿಕರೊಬ್ರು ಮಗಳಿಗೆ ಚಾನ್ಸ್ ಕೇಳಿದ್ದೂ ಉಂಟು. ದುಡ್ಡು ಹಾಕುವ ಪ್ರೊಡ್ಯೂಸರ್ ಅಲ್ಲ ಮಾರಾಯ್ರೆ, ದುಡ್ಡು ಕಳ್ಕೊಳ್ಳುವ ಪ್ರೊಡ್ಯೂಸರ್.

ಒಂದು ಟ್ರ್ಯಾಕ್ ಎಲ್ಲಿಂದ ಶುರು ಆಗ್ತದೆ? ಮೊದಲು ರಾಗವಾ, ತಾಳವಾ?

ಎರಡೂ ಅಲ್ಲ, ನನಗೆ ಒಂದು ಶಬ್ದದಿಂದ. ಜೇಬಲ್ಲಿ ಸಣ್ಣದೊಂದು ರೆಕಾರ್ಡರ್ ಯಾವಾಗ್ಲೂ ಇರ್ತದೆ (ಮಳೆಗಾಲದಲ್ಲಿ ಅದರ ಜೊತೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಸಹ, ಇಲ್ಲದಿದ್ರೆ ಮೈಕಿಗೆ ಮುಂಬೈ ಹವೆ ಹಿಡೀತದೆ). ಹೋಟೆಲಿನ ಕಾವಲಿ ಮೇಲೆ ನೀರು ಚಿಮುಕಿಸಿದಾಗ ಬರುವ ಚುಂಯ್ ಉಂಟಲ್ಲ, ಅದನ್ನ ಕತ್ತರಿಸಿ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಮಾಡಿದ್ದೇನೆ. ಸ್ಟೀಲ್ ಲೋಟಗಳನ್ನ ಒಂದರ ಮೇಲೊಂದು ಇಡುವ ಶಬ್ದವನ್ನ ಎರಡು ಆಕ್ಟೇವ್ ಕೆಳಗೆ ಇಳಿಸಿದ್ರೆ ದೇವಸ್ಥಾನದ ಗಂಟೆಯ ಅಣ್ಣನ ಹಾಗೆ ಕೇಳ್ತದೆ, ಒಮ್ಮೆ ಮಾಡಿ ನೋಡಿ.

ಊರಿಗೆ ಮತ್ಸ್ಯಗಂಧ ರೈಲಲ್ಲಿ ಹೋಗುವಾಗ ರತ್ನಾಗಿರಿ ಬರುವ ಮುಂಚೆ ಕರ್ಬುಡೆ ಸುರಂಗ ಸಿಗ್ತದೆ, ಆರೂವರೆ ಕಿಲೋಮೀಟರ್, ಕೊಂಕಣ ರೈಲ್ವೆಯಲ್ಲಿ ಅದೇ ಅತಿ ಉದ್ದದ್ದು. ಎಲ್ಲರೂ ಊಟದ ಪೊಟ್ಟಣ ಬಿಚ್ಚುವ ಹೊತ್ತಿಗೆ ನಾನು ಬಾಗಿಲ ಹತ್ರ ರೆಕಾರ್ಡರ್ ಹಿಡ್ಕೊಂಡು ನಿಂತಿರ್ತೇನೆ, ಯಾಕಂದ್ರೆ ರೈಲು ಒಳಗೆ ಹೊಕ್ಕ ಕೂಡ್ಲೆ ಚಕ್ರದ ಶಬ್ದ ಗೋಡೆಗೆ ಹೊಡೆದು ವಾಪಸ್ ಬಂದು ಒಂದರ ಮೇಲೊಂದು ಬಿದ್ದು ಒಂಥರಾ ಓಂಕಾರ ಆಗ್ತದೆ. ಅದನ್ನ ನಿಧಾನ ಮಾಡಿ, ಮೇಲಿನ ಫ್ರೀಕ್ವೆನ್ಸಿ ಎಲ್ಲ ಕತ್ತರಿಸಿ ಹಾಕಿದ್ದೇ ನನ್ನ ಈಗಿನ ಮೂರು ಟ್ರ್ಯಾಕಿನ ತಳ. ಒಬ್ಬರಿಗೂ ಅದು ರೈಲು ಅಂತ ಗೊತ್ತಾಗಲಿಲ್ಲ. ಅಮ್ಮ ಮಾತ್ರ, "ಇದು ಎಲ್ಲೋ ಊರಿಗೆ ಹ್ವಾಪ ಹಾಂಗಿತ್ತಲ್ಲ" ಅಂದ್ರು.

ನಾನೂ ಮಾಡ್ತೇನೆ, ಆದ್ರೆ 8 ಬಾರಿನ ಲೂಪ್ ಆದ ಮೇಲೆ ಮುಂದೆ ಹೋಗೋದೇ ಇಲ್ಲ. ಎಂತ ಮಾಡೋದು?

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ನನ್ನ ಹಾರ್ಡ್‌ಡಿಸ್ಕಲ್ಲಿ ಅರ್ಧಕ್ಕೆ ನಿಂತ ಫೈಲ್ 140 ಉಂಟು, ಮುಗಿದದ್ದು 19. ಹಾಗಾಗಿ ಉಪದೇಶ ಕೊಡುವ ಅರ್ಹತೆ ಎಷ್ಟುಂಟು ಅಂತ ನೀವೇ ಲೆಕ್ಕ ಹಾಕಿ.

ಲೂಪ್, ಅಂದ್ರೆ ಸುತ್ತಿ ಸುತ್ತಿ ಬರುವ ಒಂದೇ ತುಣುಕು, ಮೋಸದ ವಸ್ತು. ಎಂಟು ಬಾರ್ (ಆವರ್ತ) ಕೇಳಿ ಕೇಳಿ ಕಿವಿಗೆ ಅದೇ ಚಂದ ಅನ್ನಿಸ್ಲಿಕ್ಕೆ ಶುರು ಆಗ್ತದೆ, ಅದರ ಮೇಲೆ ಇನ್ನೊಂದು ಲೇಯರ್, ಮತ್ತೊಂದು, ಕೊನೆಗೆ 40 ಲೇಯರ್ ಆಗಿ ಎಲ್ಲವೂ ಒಟ್ಟಿಗೆ ಬೊಬ್ಬೆ ಹೊಡೀತಾ ಇರ್ತವೆ, ಮುಂದೆ ಹೋಗ್ಲಿಕ್ಕೆ ಜಾಗವೇ ಇಲ್ಲ. ಎಲ್ಲ ಮೊದಲೇ ಹೇಳಿ ಆಯ್ತಲ್ಲ!

ನನಗೆ ಇದರಿಂದ ಹೊರಗೆ ಬರ್ಲಿಕ್ಕೆ ದಾರಿ ತೋರಿಸಿದ್ದು ಯಾವ ಟ್ಯುಟೋರಿಯಲ್ಲೂ ಅಲ್ಲ, ಆಟ. ಯಕ್ಷಗಾನ. ನಮ್ಮದು ಕೋಟದ ಹತ್ರ, ಸಣ್ಣವನಿದ್ದಾಗ ಮೇ ರಜೆಗೆ ಹೋದ್ರೆ ಅಜ್ಜ ಚಾಪೆ ಸಮೇತ ಬಯಲಾಟಕ್ಕೆ ಕರ್ಕೊಂಡು ಹೋಗ್ತಿದ್ರು. ಅಲ್ಲಿ ನೋಡಿ, ಭಾಗವತರು ಮೆತ್ತಗೆ ಪದ ಹೇಳುವಾಗ ಮದ್ದಳೆ ಮಾತ್ರ ಜೊತೆಗಿರ್ತದೆ, ಚಂಡೆಯವರು ಸುಮ್ಮನೆ ಕೂತಿರ್ತಾರೆ. ಕೂತಿರ್ತಾರೆ ಅಂದ್ರೆ ಕೋಲು ಕೈಯಲ್ಲೇ ಉಂಟು, ಆದ್ರೂ ಹೊಡೆಯೋದಿಲ್ಲ. ಮತ್ತೆ ಏರುಪದ ಬಂದಾಗ, ವೇಷ ಎದ್ದು ನಿಂತಾಗ, ಆಗ ಬೀಳ್ತದೆ ಪೆಟ್ಟು, ನಿದ್ದೆ ಮಾಡ್ತಿದ್ದ ಮಕ್ಕಳೆಲ್ಲ ಎದ್ದು ಕೂರ್ತಾರೆ. ಇವತ್ತು ಕ್ಲಬ್ಬಲ್ಲಿ ಬಿಲ್ಡಪ್, ಡ್ರಾಪ್ ಅಂತ ಹೇಳೋದು ಎಂಥದು? ಏರುಪದ, ಬಿಡ್ತಿಗೆ (ಪದ ನಿಂತಲ್ಲಿ ಬರುವ ಚಂಡೆ-ಮದ್ದಳೆಯ ನುಡಿತ), ಅಷ್ಟೇ.

ಹಾಗಾಗಿ ಈಗ ನಾನು ಲೂಪನ್ನ ಟ್ರ್ಯಾಕಿನ ಶುರುವಲ್ಲಿ ಇಡೋದಿಲ್ಲ, ನಾಲ್ಕನೇ ನಿಮಿಷದಲ್ಲಿ ಇಡ್ತೇನೆ. ಅದೇ ವೇಷದ ಪ್ರವೇಶ. ಮತ್ತೆ ಹಿಂದೆ ಹಿಂದೆ ಬರ್ತಾ ಒಂದೊಂದೇ ತೆಗೀತೇನೆ, ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ತೆಗಿ, ಬೇಸ್ ತೆಗಿ, ಕೊನೆಗೆ ಸುರಂಗದ ಗುಂಯ್ ಮಾತ್ರ ಉಳೀತದೆ. ಅಲ್ಲಿಗೆ ಮೊದಲ ನಿಮಿಷ ಸಿಕ್ಕಿತು. ಸೇರಿಸಿ ಮಾಡಿದ ಟ್ರ್ಯಾಕಿಗಿಂತ ಹೀಗೆ ತೆಗೆದು ಮಾಡಿದ್ದೇ ನನ್ನ ಕೈಯಲ್ಲಿ ಮುಗಿದಿರೋದು.

ಚಂಡೆಯ ತಾಳ ನಾಲ್ಕರ ಬೀಟಿಗೆ ಕೂರ್ತದಾ?

ಒತ್ತಿ ಕೂರಿಸಿದ್ರೆ ಕೂರೋದಿಲ್ಲ. ಹೌಸ್, ಟೆಕ್ನೋ ಎಲ್ಲ ನಾಲ್ಕಕ್ಕೆ ನಾಲ್ಕೂ ಕಿಕ್. ಯಕ್ಷಗಾನದ ತ್ರಿವುಡೆ ತಾಳ ಏಳು ಅಕ್ಷರ. ಮೊದಮೊದಲು ನಾನು ಏಳನ್ನ ಎಳೆದು ಎಂಟು ಮಾಡ್ತಿದ್ದೆ, ಕೇಳಿದ್ರೆ ಕುಂಟ ಕುದುರೆಯ ಹಾಗೆ. ಈಗ ಎರಡನ್ನೂ ಅದರದರ ಪಾಡಿಗೆ ಬಿಡ್ತೇನೆ. ಕಿಕ್ ನಾಲ್ಕರಲ್ಲಿ ಓಡ್ಲಿ, ಚಂಡೆ ಏಳರಲ್ಲಿ ಸುತ್ತಲಿ, 28 ಬೀಟಿಗೆ ಒಮ್ಮೆ ಎರಡೂ ಒಂದೇ ಕಡೆ ಬಂದು ಬೀಳ್ತವೆ. 126 ಬಿಪಿಎಂ (ನಿಮಿಷಕ್ಕೆ 126 ಬೀಟ್) ಇಟ್ರೆ ಅದು ಹದಿಮೂರು ಸೆಕೆಂಡಿಗೆ ಸ್ವಲ್ಪ ಜಾಸ್ತಿ. ಕುಣಿಯುವವರಿಗೆ ಲೆಕ್ಕ ಗೊತ್ತಿರೋದಿಲ್ಲ, ಆದ್ರೆ ಆ ಭೇಟಿ ಬಂದಾಗ ಮೈಗೆ ಗೊತ್ತಾಗ್ತದೆ, ಒಂದು ಉಸಿರು ಬಿಟ್ಟ ಹಾಗೆ. ಝಂಪೆ ಹತ್ತು ಅಕ್ಷರ, ಅದಾದ್ರೆ 20ಕ್ಕೇ ಸೇರ್ತದೆ, ಹಾಗಾಗಿ ಸ್ವಲ್ಪ ಬೇಗ ಬೇಜಾರು ಬರ್ತದೆ ಅಂತ ನನ್ನ ಅಭಿಪ್ರಾಯ.

ರೆಕಾರ್ಡ್ ಮಾಡುವವರಿಗೆ ಒಂದು ಮಾತು, ಚಂಡೆಯ ಮೊದಲ ಪೆಟ್ಟು ಕತ್ತಿಯ ಹಾಗೆ ಬರ್ತದೆ, ಫೋನಿನ ಮೈಕಲ್ಲಿ ಶಬ್ದ ಅಲ್ಲಿಗೇ ಒಡೆದು ಹೋಗ್ತದೆ. ಎಷ್ಟು ಜೋರಾದ ಪೆಟ್ಟೂ ಮೈನಸ್ 12 ಡಿಬಿ ದಾಟದ ಹಾಗೆ ಲೆವೆಲ್ ಇಡಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಎತ್ತಿದ್ರೆ ಆಯ್ತು. ಮತ್ತೆ ನಾನು ಹೇಳ್ತಾ ಇರೋದು ಬಡಗಿನ (ಉತ್ತರದ ಶೈಲಿಯ) ಚಂಡೆ, ತೆಂಕಿನ (ದಕ್ಷಿಣದ) ಚೆಂಡೆ ಬೇರೆಯೇ ಸಂಗತಿ. ಈ ವಿಷಯದಲ್ಲಿ ಹೋಟೆಲಲ್ಲಿ ಜಗಳ ಆದದ್ದುಂಟು, ಇಲ್ಲಿ ಬೇಡ.

ಸ್ಟುಡಿಯೋ ಎಲ್ಲಿ?

ಸ್ಟುಡಿಯೋ ಅಂತೆ! ಹತ್ತು ಅಡಿಗೆ ಹತ್ತು ಅಡಿ ಬೆಡ್‌ರೂಮು. ಒಂದು ಮಂಚ, ಅಪ್ಪನ ಕಾಲದ ಗೋದ್ರೆಜ್ ಕಪಾಟು, ಮೇಜು, ಎರಡು ಸ್ಪೀಕರ್.

ಈ ಹತ್ತಕ್ಕೆ ಹತ್ತು ನನ್ನ ಒಂದು ವರ್ಷ ತಿಂದಿದೆ. ಚಚ್ಚೌಕ ರೂಮಿನ ಗೋಡೆ ಗೋಡೆ ನಡುವೆ ಮೂರು ಮೀಟರ್ ಚಿಲ್ಲರೆ, ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಲೆಕ್ಕ ಹಾಕಿದ್ರೆ 56 ಹರ್ಟ್ಸ್ ಹತ್ರ ರೂಮು ತಾನಾಗಿಯೇ ಮೊಳಗ್ತದೆ. ಅದೂ ಉದ್ದಕ್ಕೂ ಅಗಲಕ್ಕೂ ಅಳತೆ ಒಂದೇ ಆದ್ರಿಂದ ಡಬಲ್. ಕಿಕ್ ಡ್ರಮ್ಮಿನ ಜೀವ ಇರೋದೂ ಸರಿಯಾಗಿ ಅಲ್ಲೇ, 50ರಿಂದ 60 ಹರ್ಟ್ಸ್. ಈಗ ಗಮ್ಮತ್ತು ಎಂಥದಂದ್ರೆ ಗೋಡೆ ಹತ್ರ ನಿಂತ್ರೆ ಆ ಫ್ರೀಕ್ವೆನ್ಸಿ ಗುಡುಗ್ತದೆ, ರೂಮಿನ ನಟ್ಟನಡುವೆ ಕೂತ್ರೆ ಮಾಯ. ನಾನು ಕುರ್ಚಿ ಹಾಕಿದ್ದೆಲ್ಲಿ? ನಟ್ಟನಡುವೆ. ಕಿಕ್ ಕೇಳ್ಸೋದಿಲ್ಲ ಅಂತ ಏರಿಸಿದೆ, ಮತ್ತೆ ಏರಿಸಿದೆ, 6 ಡಿಬಿ ಏರಿಸಿ ಭಾರಿ ಲಾಯ್ಕ್ ಆಯ್ತು ಅಂತ ಖುಷಿಯಲ್ಲಿ ಒಂದು ಕ್ಲಬ್ಬಿಗೆ ತಗೊಂಡು ಹೋದೆ. ಎರಡನೇ ನಿಮಿಷಕ್ಕೆ ಅಲ್ಲಿಯ ಸೌಂಡ್ ಇಂಜಿನಿಯರ್ ಓಡಿ ಬಂದು ಮರಾಠಿಯಲ್ಲಿ ಎಂತ ಹೇಳಿದ್ರು ಅಂತ ಇಲ್ಲಿ ಬರೆಯೋದಿಲ್ಲ.

ಈಗ ಕುರ್ಚಿ ಮುಂದಿನ ಗೋಡೆ ಕಡೆ ಸರಿಸಿದ್ದೇನೆ, ನಡುವೆ ಅಂತೂ ಅಲ್ಲ. ಮೂಲೆಗಳಲ್ಲಿ ಹಳೇ ಹತ್ತಿ ಗಾದಿ ಸುತ್ತಿ ನಿಲ್ಲಿಸಿದ್ದೇನೆ, ಬೇಸ್ ಶಬ್ದಕ್ಕೆ ಅದು ಸಾಕಾಗೋದಿಲ್ಲ, ಆದ್ರೂ ಮೇಲಿನ ಫ್ರೀಕ್ವೆನ್ಸಿಯ ಗಲಾಟೆಯಾದ್ರೂ ತಗ್ಗಿತು. ಮೊಟ್ಟೆ ಟ್ರೇ ಅಂಟಿಸ್ಬೇಡಿ ದಯವಿಟ್ಟು. ಅದರಿಂದ ಬೇಸೂ ನಿಲ್ಲೋದಿಲ್ಲ, ಪಕ್ಕದ ಮನೆಗೆ ಶಬ್ದ ಹೋಗೋದೂ ನಿಲ್ಲೋದಿಲ್ಲ, ಜಿರಳೆ ಮಾತ್ರ ಬರ್ತವೆ.

ಯಾವ ಸಾಫ್ಟ್‌ವೇರ್, ಎಷ್ಟು ದುಡ್ಡು ಬೇಕು?

ನಾನು ಏಬಲ್‌ಟನ್‌ನಲ್ಲಿ ಮಾಡ್ತೇನೆ, ಅದಕ್ಕಿಂತ ಮುಂಚೆ ಎಫ್ಎಲ್ ಸ್ಟುಡಿಯೋ. ಎಫ್ಎಲ್ ಒಮ್ಮೆ ತಗೊಂಡ್ರೆ ಮುಂದಿನ ವರ್ಶನ್ ಎಲ್ಲ ಫ್ರೀ, ಅದು ದೊಡ್ಡ ಉಪಕಾರ. ಕೈಯಲ್ಲಿ ಏನೂ ಇಲ್ಲ ಅಂದ್ರೆ ರೀಪರ್ 60 ದಿನ ಪೂರ್ತಿ ಬಿಟ್ಟಿ ನೋಡ್ಲಿಕ್ಕೆ ಕೊಡ್ತದೆ. ಮೈಕನ್ನ ಕಂಪ್ಯೂಟರಿಗೆ ಜೋಡಿಸುವ ಎಷ್ಟೋ ಆಡಿಯೋ ಇಂಟರ್‌ಫೇಸ್ ಜೊತೆ ಏಬಲ್‌ಟನ್‌ನ ಸಣ್ಣ ವರ್ಶನ್ ಹಾಗೇ ಬರ್ತದೆ, ಡಬ್ಬಿ ಬಿಸಾಡುವ ಮೊದಲು ಒಳಗಿನ ಚೀಟಿ ನೋಡಿ. ವೈರು, ಕನೆಕ್ಟರ್, ಬೆಸುಗೆ ಸಾಮಾನಿಗೆ ಲ್ಯಾಮಿಂಗ್ಟನ್ ರೋಡ್. ಮೊದಲ ಹಣ ಹೆಡ್‌ಫೋನಿಗೆ ಹಾಕಿ, ಸಿಂಥ್‌ಗೆ ಅಲ್ಲ.

ಇದೆಲ್ಲ ಫಾರಿನ್ನವರ ಸಂಗೀತ ಅಲ್ವಾ, ನಮಗ್ಯಾಕೆ?

ಈ ಪ್ರಶ್ನೆ ಕೇಳಿದವರಿಗೆ ನಾನು ಚರಣ್‌ಜಿತ್ ಸಿಂಗ್ ಕಥೆ ಹೇಳ್ತೇನೆ. ಇದೇ ಬೊಂಬಾಯಿಯಲ್ಲಿ ಹಿಂದಿ ಸಿನಿಮಾ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ದವರು. 1982ರಲ್ಲಿ ರೋಲಂಡ್ ಕಂಪೆನಿಯ ಮೂರು ಯಂತ್ರ ಇಟ್ಕೊಂಡು, ಟಿಬಿ-303, ಟಿಆರ್-808, ಜುಪಿಟರ್-8, ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತೆಗೆದ್ರು. ಆಗ ಯಾರೂ ಕ್ಯಾರೇ ಅನ್ಲಿಲ್ಲ. ಆ 303 ಇದೆಯಲ್ಲ, ಅದು ಒಬ್ಬನೇ ಪ್ರಾಕ್ಟೀಸ್ ಮಾಡುವವರಿಗೆ ಬೇಸ್ ಗಿಟಾರ್ ಬದಲಿಗೆ ಅಂತ ಮಾಡಿದ ಡಬ್ಬಿ, ಬೇಸ್ ಗಿಟಾರ್ ಹಾಗೆ ಕೇಳ್ತಾನೇ ಇರ್ಲಿಲ್ಲ, 1984ಕ್ಕೆ ಮಾಡೋದೇ ನಿಲ್ಲಿಸಿದ್ರು. ಮತ್ತೆ ಸೆಕೆಂಡ್‌ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನ ಶಿಕಾಗೋದ ಹುಡುಗರು ತಿರುಗಿಸಿ ತಿರುಗಿಸಿ 1987ರ ಹೊತ್ತಿಗೆ ಆಸಿಡ್ ಹೌಸ್ ಅಂತ ಒಂದು ಶೈಲಿಯೇ ಹುಟ್ಟಿತು. 2010ರಲ್ಲಿ ಚರಣ್‌ಜಿತ್ ಅವರ ರೆಕಾರ್ಡ್ ಮತ್ತೆ ಹೊರಗೆ ಬಂದಾಗ ಕೇಳಿದವರೆಲ್ಲ ಕಿವಿ ಮುಟ್ಟಿ ನೋಡ್ಕೊಂಡ್ರು, ಅದೇ ಶಬ್ದ, ಐದು ವರ್ಷ ಮುಂಚೆ!

ಅವರೇ ಕಂಡುಹಿಡಿದ್ರು, ನಮ್ಮಿಂದ ಕದ್ದರು ಅಂತ ಎದೆ ತಟ್ಟುವವರು ಇದ್ದಾರೆ, ಅದು ಸುಳ್ಳು, ಶಿಕಾಗೋದವರಿಗೆ ಇವರ ಹೆಸರೂ ಗೊತ್ತಿರಲಿಲ್ಲ. ನನಗೆ ಇಷ್ಟ ಆಗೋದು ಬೇರೆ ವಿಷಯ. 303ಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಉಂಟು, ರಾಗಕ್ಕೆ ಬೇಕಾದ್ದೂ ಅದೇ ಜಾರು. ಯಂತ್ರ ಮಾಡಿದವರಿಗೆ ಕಾಣದ್ದು ಸಿಂಗ್ ಅವರಿಗೆ ಕಂಡಿತು.

ಮಿಕ್ಸಿಂಗ್ ಸರಿ ಆಯ್ತು ಅಂತ ಹೇಗೆ ಗೊತ್ತಾಗೋದು?

ಮೂರು ಪರೀಕ್ಷೆ. ಒಂದು, ಸ್ಪೀಕರಲ್ಲಿ ಬಹಳ ಸಣ್ಣ ವಾಲ್ಯೂಮಿಗೆ. ಎರಡು, ಲೋಕಲಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಫಾಸ್ಟಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ಸ್ಟೇಶನ್ ಹೊರಗೆ ಸಿಗುವ ಅಗ್ಗದ ಇಯರ್‌ಫೋನಲ್ಲಿ, ಪಕ್ಕದವರ ಮೊಣಕೈ ಪಕ್ಕೆಲುಬಲ್ಲಿ ಇರುವಾಗ. ಮೂರನೇದು ಕಷ್ಟದ್ದು. ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದಾಗ ಟ್ರ್ಯಾಕ್ ಬಿಡ್ತೇನೆ, ಮಿಕ್ಸಿ ನಡುವೆಯೂ ಮುಖ್ಯ ಎಳೆ ಕಿವಿಗೆ ಸಿಕ್ಕಿದ್ರೆ ಪಾಸ್.

ಲೌಡ್ ಆಗ್ಲಿ ಅಂತ ಮಾಸ್ಟರ್‌ನಲ್ಲಿ ಹಿಂಡಬೇಡಿ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಒಂದೇ ಜೋರಿಗೆ, ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ತಂದು ನಿಲ್ಲಿಸ್ತದೆ, ಹಿಂಡಿದ್ದು ಹಿಂಡಿದ ಹಾಗೇ ಸಪ್ಪೆಯಾಗಿ ಕೇಳ್ತದೆ.

ದೈವದ ಪಾಡ್ದನಕ್ಕೆ (ಕಥೆ ಹೇಳುವ ತುಳು ಹಾಡು) ಬೀಟ್ ಹಾಕಿ, ವೈರಲ್ ಆಗ್ತದೆ ನೋಡಿ

ಇಲ್ಲ. ಆಗ್ತದೆ, ಗೊತ್ತುಂಟು. ಆದ್ರೂ ಇಲ್ಲ.

ಯಕ್ಷಗಾನದ ಹಳೇ ಕ್ಯಾಸೆಟ್ಟಿಂದ ಪದ ತೆಗೆದು ಹಾಕಬಹುದಾ?

ಮನೆಯಲ್ಲಿ ಕಲೀಲಿಕ್ಕೆ ಹಾಕಿ ಯಾರು ಬೇಡ ಅಂತಾರೆ, ಬಿಡುಗಡೆ ಮಾಡುವಾಗ ಅಲ್ಲ. ಪದ ಬರೆದವರು ಇನ್ನೂರು ವರ್ಷ ಹಿಂದಿನವರೇ ಇರ್ಲಿ, ರೆಕಾರ್ಡಿಂಗ್ ಬೇರೆ, ಅದಕ್ಕೆ ನಮ್ಮ ಕಾನೂನಲ್ಲಿ ಪ್ರಕಟ ಆದಲ್ಲಿಂದ 60 ವರ್ಷ ಹಕ್ಕು ಉಂಟು, ಹಾಡಿದವರ ಹಕ್ಕು ಮತ್ತೆ ಬೇರೆ, ಅದು 50 ವರ್ಷ. ಕ್ಯಾಸೆಟ್ ಕಂಪೆನಿ ಮುಚ್ಚಿದೆ ಅಂದ ಮಾತ್ರಕ್ಕೆ ಅದು ದಾರಿಲಿ ಬಿದ್ದ ತೆಂಗಿನಕಾಯಿ ಅಲ್ಲ. ನಾನು ಊರಿನ ಭಾಗವತರೊಬ್ಬರ ಮನೆಗೇ ಹೋಗಿ, ಜಗಲಿಯಲ್ಲಿ ಕೂತು ಹೊಸದಾಗಿ ಹಾಡಿಸಿ, ಒಂದು ಪುಟದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ, ದುಡ್ಡು ಕೊಟ್ಟು ಬಂದೆ. ಅವರು ಮೊದಲು ಕೇಳಿದ್ದು "ಶ್ರುತಿ ಎಷ್ಟು?" ಅಂತ. ಕಂಪ್ಯೂಟರಲ್ಲಿ ಎಷ್ಟು ಬೇಕಾದ್ರೂ ಏರಿಸಬಹುದು ಅಂದೆ. "ಹಾಂಗಾರೆ ನಾ ಎಂತಕ್ಕೆ?" ಅಂದ್ರು. ಅದಕ್ಕೆ ಉತ್ತರ ಹೊಳೀಲಿಲ್ಲ, ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂದೆ, ಹಾಡಿದ್ರು. ಅವತ್ತಿನಿಂದ ಅವರ ದನಿಯ ಪಿಚ್ ಮುಟ್ಟಿಲ್ಲ, ಉಳಿದದ್ದೆಲ್ಲ ಅವರ ಶ್ರುತಿಗೇ ಟ್ಯೂನ್ ಮಾಡ್ತೇನೆ.

ಇದರಲ್ಲಿ ಹೊಟ್ಟೆ ತುಂಬ್ತದಾ?

ಹೊಟ್ಟೆ ಹೋಟೆಲಲ್ಲಿ ತುಂಬ್ತದೆ. ಸ್ಟ್ರೀಮಿಂಗಿಂದ ಬರೋದು ಚಿಲ್ಲರೆ, 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಸಾವಿರ ಸಲ ಕೇಳಿಸದಿದ್ರೆ ಆ ಚಿಲ್ಲರೆಯೂ ಇಲ್ಲ. ಜಾಹೀರಾತಿಗೆ, ಸಣ್ಣ ಡಾಕ್ಯುಮೆಂಟರಿಗೆ ಶಬ್ದ ಮಾಡಿ ಕೊಟ್ಟದ್ದರಿಂದ ಬಂದ ಹಣವೇ ಜಾಸ್ತಿ. ಸಂಗೀತ ಮಾಡುವವರು ರಾಯಲ್ಟಿ ವಸೂಲಿ ಸಂಘವಾದ ಐಪಿಆರ್‌ಎಸ್ ಮೆಂಬರ್ ಆಗಿ, ಮತ್ತೆ ಯಾರಾದ್ರೂ "ರಾಯಲ್ಟಿ ಎಲ್ಲ ಬಿಟ್ಟುಕೊಟ್ಟೆ" ಅಂತ ಬರೆಸಿಕೊಳ್ಳಲಿಕ್ಕೆ ಬಂದ್ರೆ 2012ರ ಕಾಪಿರೈಟ್ ತಿದ್ದುಪಡಿ ಒಮ್ಮೆ ಓದಿ ನೋಡಿ, ಸಿನಿಮಾ ಮತ್ತೆ ರೆಕಾರ್ಡಿಂಗಿಗೆ ಸೇರುವ ಸಂಗೀತದಲ್ಲಿ ಕಂಪೋಸರಿನ ಪಾಲಿನ ರಾಯಲ್ಟಿ ಹಾಗೆ ಬರೆದು ಕೊಡ್ಲಿಕ್ಕೇ ಬರೋದಿಲ್ಲ. ನಾನು ಮೊದಲ ಕಾಗದಕ್ಕೆ ಓದದೆ ಸಹಿ ಹಾಕಿದವ, ಅದಕ್ಕೇ ಹೇಳಿದ್ದು.

ಅಪ್ಪ ಹದಿಮೂರನೇ ವಯಸ್ಸಲ್ಲಿ ಇಲ್ಲಿಗೆ ಬಂದು ಹಗಲು ಕಪ್ ತೊಳೆದು ರಾತ್ರಿ ಕನ್ನಡ ನೈಟ್‌ಸ್ಕೂಲಲ್ಲಿ ಓದಿದವರು. ಅವರಿಗೆ ನನ್ನ ಕೆಲಸದಲ್ಲಿ ಒಂದೇ ತಕರಾರು, "ಹಗಲು ಕೆಲಸ, ರಾತ್ರಿ ಅಭ್ಯಾಸ, ನಾನೂ ಅದೇ ಮಾಡಿದ್ದು, ನಿನ್ನದಕ್ಕೆ ಪರೀಕ್ಷೆ ಯಾವಾಗ?"

ಈಗ ಎಐ ಮಾಡ್ತದಲ್ಲ?

ಮಾಡ್ಲಿ. ರೆಕಾರ್ಡಿಂಗಿಂದ ಫ್ಯಾನಿನ ಶಬ್ದ ತೆಗೀಲಿಕ್ಕೆ ನಾನೂ ಬಳಸ್ತೇನೆ, ಚಂದ ತೆಗೀತದೆ.

ಗೋವಾದಲ್ಲಿ ನುಡಿಸಿದ್ದೀರಾ? ನಿಮ್ಮ ಗುರಿ ಎಂತ, ಸನ್‌ಬರ್ನಾ?

ಗೋವಾದಲ್ಲಿ ಒಂದು ಸಲ, ಸಣ್ಣ ಜಾಗದಲ್ಲಿ, ಸಂಜೆ ಆರಕ್ಕೆ, ಎದುರಿಗೆ ಹನ್ನೊಂದು ಜನ ಮತ್ತೆ ಎರಡು ನಾಯಿ. ದೊಡ್ಡ ಫೆಸ್ಟಿವಲ್ ಸಿಕ್ಕಿದ್ರೆ ಬೇಡ ಅನ್ನೋದಿಲ್ಲ, ಆದ್ರೆ ತಲೆಯಲ್ಲಿ ಕೊರೀತಾ ಇರೋದು ಬೇರೆ.

ಅಂಜುನಾದಲ್ಲಿ 90ರ ದಶಕದಲ್ಲಿ ಟ್ರಾನ್ಸ್ ಪಾರ್ಟಿ ರಾತ್ರಿಯಿಡೀ ನಡೀತಿತ್ತು, ಅಲ್ಲಿಯ ಸೆಖೆಗೆ ವಿನೈಲ್ ರೆಕಾರ್ಡ್ ಬಗ್ಗಿ ಹೋಗ್ತದೆ ಅಂತ ಡ್ಯಾಟ್ ಅನ್ನುವ ಡಿಜಿಟಲ್ ಟೇಪಲ್ಲಿ ನುಡಿಸ್ತಿದ್ರು. ಅದರಲ್ಲಿ ಒಂದು ಕ್ರಮ ಇತ್ತು, ನಡುರಾತ್ರಿಗೆ ಕತ್ತಲೆಯ, ಹೆದರಿಸುವ ಸಂಗೀತ, ಸೂರ್ಯ ಹುಟ್ಟುವಾಗ ಬೆಳಕಿನದ್ದು. ಇದನ್ನ ಮೊದಲ ಸಲ ಓದಿದಾಗ ನಾನು ಲೋಕಲಲ್ಲೇ ನಕ್ಕುಬಿಟ್ಟೆ. ಅಜ್ಜನ ಚಾಪೆ ಮೇಲೆ ನೋಡಿದ್ದೂ ಇದೇ ಅಲ್ವಾ, ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ) ಆರಾಮಕ್ಕೆ, ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು ಬಂದು ಕೂರೋದು, ರಾಕ್ಷಸನ ಅಬ್ಬರ, ಬೆಳಗಾಗುವಾಗ ಮಂಗಳ.

ಹಾಗಾಗಿ ಗುರಿ ಇದು: ಒಂದು ಇಡೀ ರಾತ್ರಿ. ಒಂಬತ್ತಕ್ಕೆ ಶುರು, ಬೆಳಿಗ್ಗೆ ಆರಕ್ಕೆ ಮುಗಿಯೋದು. 90 ಬಿಪಿಎಂನಿಂದ ಹೊರಟು ಮೂರು ಗಂಟೆ ಹೊತ್ತಿಗೆ 140, ಮತ್ತೆ ಇಳೀತಾ ಇಳೀತಾ ಕೊನೆಗೆ ಬೀಟೇ ಇಲ್ಲದೆ ಮೋಹನ ರಾಗ. ಭಾಗವತರು, ಮದ್ದಳೆ, ಚಂಡೆ ಲೈವ್, ನಾನು ಮೂಲೆಯಲ್ಲಿ ಯಂತ್ರದೊಟ್ಟಿಗೆ. ಜಾಗ ಊರಲ್ಲಿ ಅಲ್ಲ, ಇಲ್ಲೇ ಮುಂಬೈಯಲ್ಲಿ, ಯಾಕಂದ್ರೆ ಹೋಟೆಲ್ ಮುಚ್ಚಿದ ಮೇಲೆ ಬರುವ ಹುಡುಗರು ಬೇಕು ನನಗೆ ಕೇಳುವವರಾಗಿ. ರಾತ್ರಿ ಹನ್ನೊಂದಕ್ಕೆ ಬಿಡುವಾಗಿ ಬೆಳಿಗ್ಗೆ ಐದಕ್ಕೆ ಮತ್ತೆ ಇಡ್ಲಿ ಹಿಟ್ಟಿನ ಹತ್ರ ನಿಲ್ಲುವವರಿಗೆ ಕಾಲಮಿತಿ ಆಟವೂ (ನಡುರಾತ್ರಿ ಹೊತ್ತಿಗೇ ಮುಗಿಯುವ ಯಕ್ಷಗಾನ) ಸಿಗೋದಿಲ್ಲ.

ಅಡ್ಡಿ ಎಂಥದಂದ್ರೆ ಹತ್ತು ಗಂಟೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ. ಸರಿ, ಗೋವಾದ ಪಾಲೊಲೆಂ ಬೀಚಲ್ಲಿ ಮಾಡುವ ಹಾಗೆ ಎಲ್ಲರಿಗೂ ಹೆಡ್‌ಫೋನ್ ಕೊಡುವಾ ಅಂತ ಲೆಕ್ಕ ಹಾಕಿದೆ. ಆಗ ನೆನಪಾಯ್ತು, ಚಂಡೆಗೆ ವಾಲ್ಯೂಮ್ ಬಟನ್ ಎಲ್ಲುಂಟು? ಮೈಕೇ ಬೇಡ ಅದಕ್ಕೆ, ಎರಡು ಗದ್ದೆ ಆಚೆ ಕೇಳ್ತದೆ. ಅದೂ ಅಲ್ಲದೆ ಆ ನಿಯಮಕ್ಕೆ ಆಮೇಲೆ ವಾದ್ಯಗಳನ್ನೂ ಸೇರಿಸಿದ್ದಾರೆ, ಮುಚ್ಚಿದ ಸಭಾಂಗಣದ ಒಳಗೆ ಮಾತ್ರ ಆಗ್ತದೆ. ಹಾಗಾಗಿ ಈಗ ರಾತ್ರಿಯಿಡೀ ಕೊಡುವ, ಶಬ್ದ ಹೊರಗೆ ಬಿಡದ, ಬಾಡಿಗೆ ನಮ್ಮ ಕೈಗೆಟುಕುವ ಹಾಲ್ ಹುಡುಕ್ತಾ ಇದ್ದೇನೆ. ಎರಡು ಕಡೆ "ರಾತ್ರಿಯಿಡೀ" ಅಂದ ಕೂಡ್ಲೆ ಫೋನ್ ಇಟ್ರು.

ಒಂಬತ್ತು ಗಂಟೆಯಲ್ಲಿ ರೆಡಿ ಇರೋದು ಎರಡು ಗಂಟೆ ನಲ್ವತ್ತು ನಿಮಿಷ. ಎರಡು ಗಂಟೆಯಿಂದ ನಾಲ್ಕರವರೆಗಿನ ಭಾಗ ಎಷ್ಟು ಮಾಡಿದ್ರೂ ಸರಿ ಬರ್ತಾ ಇಲ್ಲ, ಜೋರು ಮಾಡೋದು ಸುಲಭ, ಎರಡು ಗಂಟೆ ಹೊತ್ತು ಜೋರಾಗಿಯೇ ಇಟ್ಟು ಬೇಜಾರು ಬರದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ ತಲೆಬಿಸಿ.

ನನ್ನ ಟ್ರ್ಯಾಕ್ ಕಳಿಸಿದ್ರೆ ಕೇಳ್ತೀರಾ?

ಕೇಳ್ತೇನೆ. ಡ್ರೈವ್ ಲಿಂಕ್ ಕಳಿಸಿ, ಪರ್ಮಿಶನ್ ಓಪನ್ ಇಡಿ (ಹತ್ತರಲ್ಲಿ ಎಂಟು ಜನ ಮರೀತಾರೆ), ವಾಟ್ಸಾಪಲ್ಲಿ ಫೈಲ್ ಹಾಕಬೇಡಿ. ಅರ್ಧ ಆದದ್ದೂ ಆಗ್ತದೆ. ಶನಿವಾರ ಭಾನುವಾರ ಹೋಟೆಲಲ್ಲಿ ರಶ್, ಸೋಮವಾರ ಸಂಜೆಯ ಲೋಕಲಲ್ಲಿ ಕೇಳಿ ಉತ್ತರ ಹಾಕ್ತೇನೆ, ಕಲ್ಯಾಣ್ ಫಾಸ್ಟಲ್ಲಿ ಕೂರ್ಲಿಕ್ಕೆ ಜಾಗ ಸಿಕ್ಕಿದ್ರೆ ಸ್ವಲ್ಪ ಉದ್ದದ ಉತ್ತರ.